ಬಲಗಾಲಿನ ಪಿನ್ನು

ಜನವರಿ 5, ಭಾನುವಾರ

ಈ ನೋಟ್‌ಬುಕ್ಕು ಶುರು ಮಾಡಿಸಿದ್ದು ವಾಸಿಫ್. ಚಿಕ್ಕನಾಯಕನಹಳ್ಳಿಯಲ್ಲಿ ಅವನ ವೆಲ್ಡಿಂಗ್ ಶಾಪಿದೆ. ನನ್ನ ತಲೆಯಲ್ಲಿ ಹುಟ್ಟಿದ್ದನ್ನೆಲ್ಲ ಕಬ್ಬಿಣದಲ್ಲಿ ಅಂಟಿಸಿಕೊಡೋನು ಅವನೇ. ನಿನ್ನೆ ಹೋಗಿ ಅರ್ಧ ಇಂಚಿನ ಡ್ರಿಲ್ ಬಿಟ್ ಕೇಳಿದೆ. "ಹೋದ ವಾರ ನೀವೇ ತಗೊಂಡ್ ಹೋದ್ರಲ್ಲ ರುದ್ರೇಶಣ್ಣ. ಯಾವ ಸಾಮಾನು ಎಲ್ಲಿದೆ ಅಂತ ಒಂದು ಬುಕ್ಕಲ್ಲಿ ಬರ್ಕೊಳ್ಳಿ" ಅಂದ. ನಕ್ಕೊಂಡು ಹೇಳಿದ್ದರೆ ಚೆನ್ನಾಗಿತ್ತು. ನಗದೆ ಹೇಳಿದ, ಅದಕ್ಕೇ ಚುಚ್ಚಿತು. ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್ ನಾನು. ಯಾವ ಬಾಟ್ಲಿ ಯಾವ ಬೀರುವಿನಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ಮನೆಗೆ ಬಂದರೆ ನನ್ನ ಸುತ್ತಿಗೆ ನನಗೇ ಸಿಗಲ್ಲ.

ಸರಿ, ಬರೀತೀನಿ. ಅಟ್ಟದ ಮೇಲೆ, ಕೊಬ್ಬರಿಗೆ ಅಂತ ಕಾಯಿ ಒಣಗಬೇಕಾದ ಜಾಗದಲ್ಲಿ, ಮೂರು ಜೇನುಪೆಟ್ಟಿಗೆ. ಮುಚ್ಚಳ ಆಗಿಲ್ಲ. ಪಡಸಾಲೆಯಲ್ಲಿ ಹಳೇ ಹೊಲಿಗೆ ಮಿಷನ್ನಿನ ಕಾಲು. ಅದರಿಂದ ಮರ ಕಡೆಯೋ ಲೇತು ಮಾಡ್ತಿದ್ದೀನಿ, ಕರೆಂಟ್ ಬೇಡ, ಕಾಲಲ್ಲಿ ತುಳಿದರೆ ಸಾಕು. ಹಿತ್ತಲ ಗೂಟಕ್ಕೆ ನೇತಾಕಿರೋದು ಕಾರಿನ ಸೀಟ್ ಬೆಲ್ಟಿನಿಂದ ಮಾಡ್ತಿರೋ ಸೊಂಟದ ಬೆಲ್ಟು, ಮರ ಹತ್ತೋರು ಬೀಳದ ಹಾಗೆ. ಹೊಲಿಗೆ ಅರ್ಧಕ್ಕೆ ನಿಂತಿದೆ. ಪೂರ್ತಿ ಮುಗಿದಿರೋದು ಒಂದೇ, ತೆಂಗಿನ ಮರ ಹತ್ತೋ ಯಂತ್ರ. ಎರಡು ಕಾಲಿಗೆ ಎರಡು ಕಬ್ಬಿಣದ ಚೌಕಟ್ಟು. ಒಂದೊಂದರಿಂದಲೂ ಉಕ್ಕಿನ ಹಗ್ಗ ಮರ ಸುತ್ತಿ ಬಂದು ಮತ್ತೆ ಚೌಕಟ್ಟಿಗೇ ಸೇರುತ್ತೆ, ಸೇರೋ ಜಾಗದಲ್ಲಿ ಒಂದು ಪಿನ್ನು. ತುಳಿದರೆ ಹಗ್ಗ ಮರವನ್ನ ಬಿಗಿಯಾಗಿ ಹಿಡಿಯುತ್ತೆ, ಎತ್ತಿದರೆ ಬಿಡುತ್ತೆ. ಮೆಟ್ಟಿಲು ಹತ್ತಿದ ಹಾಗೆ ಹತ್ಕೊಂಡು ಹೋಗಬಹುದು. ನಾನೂ ಒಂದಾಳೆತ್ತರ ಹತ್ತಿ ನೋಡಿದ್ದೀನಿ. ಮಾಡಿದೋನಿಗೆ ಅಷ್ಟು ಸಾಕು. ಇಂಥದ್ದೇ ಅಂಗಡಿಯಲ್ಲೂ ಸಿಗುತ್ತೆ. ಅಂಗಡಿಯಿಂದ ತರೋಕೆ ಯಾರಿಗೆ ಬರಲ್ಲ?

ಅದರಲ್ಲಿ ಈಗ ಮರ ಹತ್ತೋದು ಚಿಕ್ಕಗೌರಮ್ಮ, ನಮ್ಮೂರ ಕೆಂಚಪ್ಪನ ಹೆಂಡತಿ. ಹತ್ತೋ ಗಂಡಸರಿಗೆಲ್ಲ ವಯಸ್ಸಾಯ್ತು. ಇವಳು ಹೋದ ವರ್ಷ ಆರು ದಿನದ ತರಬೇತಿಗೆ ಹೋಗಿ ಕಲಿತು ಬಂದಳು. ಅಲ್ಲಿ ಕೊಟ್ಟ ಯಂತ್ರ ಮುರಿದ ಮೇಲೆ ನನ್ನದನ್ನ ಕೇಳಿಕೊಂಡು ಬಂದಳು. ಬೆಳಗ್ಗೆ ತಗೊಂಡು ಹೋಗ್ತಾಳೆ, ಸಂಜೆ ಒರೆಸಿ ತಂದಿಡ್ತಾಳೆ. ಹೆಂಗಸು ಹತ್ತಿದ ಮರ ಕಾಯಿ ಕಚ್ಚಲ್ಲ ಅಂತ ದೊಡ್ಡ ತೋಟದ ಮರುಳಪ್ಪನವರು ಮೊದಮೊದಲು ಇವಳನ್ನ ಬೇಲಿ ದಾಟೋಕೇ ಬಿಡಲಿಲ್ಲ. ಕಾಯಿ ಕೀಳೋರು ಯಾರೂ ಸಿಗದೆ ಎರಡು ತಿಂಗಳು ಕತ್ತೆತ್ತಿ ನೋಡ್ಕೊಂಡು ನಿಂತ ಮೇಲೆ ತಾವೇ ಹೇಳಿ ಕಳಿಸಿದರು. ಈಗ ಕಂದಿಕೆರೆ ಕಡೆಯಿಂದಲೂ ಕರೆ ಬರುತ್ತೆ. ಊರಿನ ಮಹಿಳಾ ಸಂಘದ ಮೂವರು ಮುಂದಿನ ತರಬೇತಿಗೆ ಹೆಸರು ಬರೆಸಿದ್ದಾರಂತೆ. ಎಲ್ಲಾ ನನ್ನ ಯಂತ್ರದಿಂದ. ಹಾಗಂತ ನಾನು ಊರಲ್ಲಿ ಹೇಳ್ಕೊಂಡು ತಿರುಗಲ್ಲ, ಇಲ್ಲಿ ಬರ್ಕೋತೀನಿ ಅಷ್ಟೆ.

ಜನವರಿ 11, ಶನಿವಾರ

ಲೇತು ತಿರುಗಿತು!

ಎರಡು ವಾರದಿಂದ ಒಂದೇ ತೊಡಕು. ತುಳಿಯೋ ಹಲಗೆಯ ಕಡ್ಡಿ ಚಕ್ರಕ್ಕೆ ಸೇರೋ ಜಾಗದಲ್ಲಿ ಯಾವ ಬೋಲ್ಟ್ ಹಾಕಿದರೂ ಸಡಿಲ. ಸಂಕ್ರಾಂತಿ ಕಳೆಯೋವರೆಗೆ ಚಿಕ್ಕಗೌರಮ್ಮ ಮರ ಹತ್ತಲ್ಲ, ಯಂತ್ರ ಮನೇಲೇ ಇದೆ. ಇವತ್ತು ಮಧ್ಯಾಹ್ನ ಅದರ ಬಲಗಾಲಿನ ಪಿನ್ನು ತೆಗೆದು ಹಾಕಿ ನೋಡಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ತುಳಿದರೆ ಸುಂಯ್ ಅಂತ ತಿರುಗುತ್ತೆ, ಒಂದು ಚೂರೂ ಅಲ್ಲಾಡಲ್ಲ. ಹಲಸಿನ ಮರದ ತುಂಡು ಸಿಕ್ಕಿಸಿ ಸೌಂದರ್ಯನಿಗೆ ಒಂದು ಲಟ್ಟಣಿಗೆ ಕಡೆದೆ. ಅವಳು ಅದನ್ನ ಕೈಯಲ್ಲಿ ಉರುಳಿಸಿ ನೋಡಿ, ಮನೇಲಿ ಆಗಲೇ ಎರಡು ಇವೆಯಲ್ಲ ಅಂದಳು. ಹೆಂಡತಿ ಅಂದರೆ ಹೀಗೇ. ಆದರೂ ರಾತ್ರಿ ಚಪಾತಿಗೆ ಹೊಸದನ್ನೇ ತಗೊಂಡಳು.

ಪಿನ್ನು ತೆಗೆದ ತೂತು ಖಾಲಿ ಬಿಡಬಾರದು ಅಂತ ನಾಲ್ಕಿಂಚಿನ ಮೊಳೆ ತೂರಿಸಿ, ತುದಿ ಬಗ್ಗಿಸಿ, ಬೀಳದಿರಲಿ ಅಂತ ಕಪ್ಪು ಟೇಪ್ ಸುತ್ತಿದ್ದೀನಿ. ವಾಸಿಫ್ ಹೇಳಿದ ಹಾಗೆ ಬರೆದಿಡ್ತೀನಿ.

ಬಲಗಾಲಿನ ಪಿನ್ನು: ಲೇತಿನಲ್ಲಿ. ವಾಪಸ್ ಹಾಕಬೇಕು.

ಜನವರಿ 17, ಶುಕ್ರವಾರ

ಚಿಕ್ಕಗೌರಮ್ಮ ಬಿದ್ದಿದ್ದಾಳೆ. ಮರುಳಪ್ಪನವರ ತೋಟದಲ್ಲಿ, ಬೆಳಗ್ಗೆ ಒಂಬತ್ತು ಗಂಟೆ ಹೊತ್ತಿಗೆ. ಎರಡೂವರೆ ಆಳಿನ ಎತ್ತರದಿಂದ. ಬಲಗಾಲಿನ ಹಿಮ್ಮಡಿ ಪುಡಿಯಾಗಿದೆ, ಮೊಣಕಾಲಿನ ಕೆಳಗಿನ ಮೂಳೆಯೂ ಮುರಿದಿದೆ ಅಂತಾರೆ. ಗೂಡ್ಸ್ ಆಟೊದಲ್ಲಿ ಗೋಣಿಚೀಲ ಹಾಸಿ ತಿಪಟೂರಿಗೆ ಕರ್ಕೊಂಡು ಹೋದರು. ಜೀವಕ್ಕೇನೂ ತೊಂದರೆ ಇಲ್ಲ.

ಬೆಳಗ್ಗೆ ಅವಳು ಬಂದಾಗ ನಾನು ಸ್ನಾನದ ಮನೆಯಲ್ಲಿದ್ದೆ. ಸೌಂದರ್ಯ ಯಂತ್ರ ಎತ್ತಿ ಕೊಟ್ಟು ಕಳಿಸಿದಳು. ನಾನು ಇದ್ದಿದ್ದರೆ ಬೇರೆ ಆಗ್ತಿತ್ತು.

ಕಾಲೇಜಿನಿಂದ ಬೇಗ ಬಂದು, ತೋಟದಿಂದ ಯಂತ್ರವನ್ನ ಟಿವಿಎಸ್ ಮೇಲೆ ಇಟ್ಕೊಂಡು ತಂದೆ. ಎಲ್ಲಾ ಸರಿ ಮಾಡಿಟ್ಟಿದ್ದೀನಿ.

ಜನವರಿ 19, ಭಾನುವಾರ

ಬೆಳಗ್ಗೆ ಹಾಲಿನ ಡೈರಿ ಹತ್ತಿರ ಇದೇ ಮಾತು. ಹೆಂಗಸರಿಗೆ ಇದೆಲ್ಲ ಯಾಕೆ ಬೇಕಿತ್ತು, ಸೀರೆ ಸಿಕ್ಕಿಕೊಂಡಿರಬೇಕು, ತಲೆ ಸುತ್ತಿರಬೇಕು. ಅವಳು ಪ್ಯಾಂಟು ಶರಟು ಹಾಕ್ಕೊಂಡೇ ಹತ್ತೋದು, ಅದು ಎಲ್ಲರಿಗೂ ಗೊತ್ತು. ಆದರೂ ಸೀರೆ ಅಂದರು. ತೆಂಗು ಮುನಿಸಿಕೊಂಡಿತು ಅಂತ ಮರುಳಪ್ಪನವರು ಆ ಮರಕ್ಕೆ ನಿಂಬೆಹಣ್ಣು ಕುಯ್ದು ಪೂಜೆ ಮಾಡಿಸಿದ್ದಾರೆ.

ಅಷ್ಟರಲ್ಲಿ ಯಾರೋ ಮಿಷನ್ನು ಸರಿ ಇತ್ತೇನಪ್ಪ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಬೇಕಾದರೆ ಬಂದು ನೋಡ್ಕೊಳ್ಳಿ ಅಂದೆ. ಹಾಲಿನ ಕ್ಯಾನು ಹಿಡ್ಕೊಂಡೇ ಐದಾರು ಜನ ಬಂದರು. ಮರುಳಪ್ಪನವರು ಎಡಗಾಲಿನ ಹಗ್ಗ ಎಳೆದು ನೋಡಿದರು, ಬಲಗಾಲಿನದ್ದನ್ನ ಕಾಲು ಕೊಟ್ಟು ಜಗ್ಗಿದರು. ಎರಡೂ ಪಿನ್ನು ತಿರುಗಿಸಿ ನೋಡಿದರು. "ರುದ್ರೇಶನ ಮಿಷನ್ನಲ್ಲಿ ಏನೂ ತಪ್ಪಿಲ್ಲ ಕಣ್ರಪ್ಪ, ಕಂಪನಿ ಮಾಲ್ ಇದ್ದಂಗೈತೆ" ಅಂದರು.

ಹೇಳಿಬಿಡ್ತೀನಿ, ಆಗ ನನಗೆ ಖುಷಿ ಆಯ್ತು. ಮರುಳಪ್ಪನವರ ಬಾಯಲ್ಲಿ ಆ ಮಾತು ಕೇಳಬೇಕು ಅಂತ ಎಷ್ಟು ವರ್ಷದಿಂದ ಕಾದಿದ್ದೆ. ಆಮೇಲೆ ಇಡ್ಲಿ ತಟ್ಟೆ ಹಾಗೇ ಬಿಟ್ಟು ಎದ್ದೆ.

ಜನವರಿ 20, ಸೋಮವಾರ

ಬರೆಯೋಕೆ ಏನೂ ಇಲ್ಲ.

ಜನವರಿ 28, ಮಂಗಳವಾರ

ಸಂಜೆ ಕೆಂಚಪ್ಪ ಬಂದಿದ್ದ. ಗೊತ್ತಾಗಿಬಿಟ್ಟಿದೆ ಅಂದ್ಕೊಂಡೆ. ಅವನು ಒಂದು ಚೀಲ ಸೊಗಡವರೆಕಾಯಿ ಜಗಲಿ ಮೇಲೆ ಇಳಿಸಿ, ಒಳಗೆ ಬಾ ಅಂದರೂ ಬರದೆ ಕೈಕಟ್ಕೊಂಡು ನಿಂತ. ಚಿಕ್ಕಗೌರಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳಂತೆ, ತೊಡೆವರೆಗೆ ಪಟ್ಟಿ. ಅವಳೇ ಹೇಳಿ ಕಳಿಸಿದ್ದಂತೆ: "ಅಣ್ಣನ ಮಿಷನ್ನು ನೆಲಕ್ಕೆ ಬಿದ್ದು ಏಟಾಗಿದ್ರೆ ಬೇಜಾರ್ ಮಾಡ್ಕೋಬೇಡಿ ಅನ್ನು, ಕಾಲು ಸರಿ ಹೋದ್ಮೇಲೆ ಕೂಲಿ ಮಾಡಿ ರಿಪೇರಿ ಮಾಡಿಸ್ಕೊಡ್ತೀನಿ."

ನಾನು "ಪರವಾಗಿಲ್ಲ ಬುಡು ಕೆಂಚಪ್ಪ" ಅಂದೆ.

ಪರವಾಗಿಲ್ಲ ಅಂದೆ. ಈ ಬಾಯಲ್ಲೇ.

ಸೌಂದರ್ಯ ಅವರೆಕಾಯಿ ಬಿಡಿಸಿ ಹಿದುಕಿದ ಬೇಳೆ ಸಾರು ಮಾಡಿದಳು. ಮುದ್ದೆ ಮುರಿದು ಅದರಲ್ಲಿ ಅದ್ದಿಕೊಂಡು ಎರಡು ಸಲ ಹಾಕಿಸ್ಕೊಂಡು ತಿಂದೆ. ರುಚಿಯಾಗಿತ್ತು, ಅದೇ ನಾಚಿಕೆ. ತಿಂದು ಕೈ ತೊಳೆಯುವಾಗ ಅವಳು, ನನ್ನ ಕೈಯಾರೆ ಎತ್ತಿ ಕೊಟ್ಟೆನಲ್ಲ, ಅವತ್ತು ನನ್ನ ಕೈ ಏನು ಕೆಟ್ಟಿತ್ತೋ ಅಂತ ಕಣ್ಣು ಒರೆಸ್ಕೊಂಡಳು.

ಹದಿನೇಳನೇ ತಾರೀಕಿನದ್ದನ್ನ ತಿದ್ದಬೇಕು. ನಾನು ಸ್ನಾನದ ಮನೆಯಲ್ಲಿ ಇರಲಿಲ್ಲ. ಪಡಸಾಲೆಯಲ್ಲಿ ಲೇತಿನ ಮುಂದೆ ಕೂತಿದ್ದೆ. ಸೌಂದರ್ಯ, ಕೊಡ್ಲಾ ಅಂದಳು. ಕೊಡು ಅಂದೆ. ಮೊಳೆ ವಿಷಯ ಮರೆತು ಹೋಗಿತ್ತು. ಎಷ್ಟೊಂದು ಕೆಲಸ ಒಟ್ಟಿಗೆ ಹಿಡಿದಾಗ ಮರೆವು ಬರೋದು ಸಹಜ.

ಆ ಸಂಜೆ "ಎಲ್ಲಾ ಸರಿ ಮಾಡಿಟ್ಟಿದ್ದೀನಿ" ಅಂತ ಬರೆದಿದ್ದೀನಲ್ಲ, ಅದರ ಅರ್ಥವೂ ಬರೀತೀನಿ. ಮರದ ಪಾತಿಯಲ್ಲಿ ತಡಕಾಡಿದಾಗ ಮೊಳೆ ಸಿಕ್ಕಿತು, ಟೇಪಿನ ಸಮೇತ. ಬಗ್ಗಿಸಿದ್ದ ತುದಿ ನೆಟ್ಟಗಾಗಿತ್ತು. ಜೇಬಿಗೆ ಹಾಕ್ಕೊಂಡೆ. ಮನೆಗೆ ಬಂದವನೇ ಲೇತಿನಿಂದ ಪಿನ್ನು ಕಿತ್ತು ಯಂತ್ರಕ್ಕೆ ಹಾಕಿದೆ. ಮರುಳಪ್ಪನವರು ಜಗ್ಗಿ ನೋಡಿದ್ದು ಆ ಪಿನ್ನನ್ನ.

ಫೆಬ್ರವರಿ 9, ಭಾನುವಾರ

ಕೈಕಟ್ಕೊಂಡು ಕೂತರೆ ತಲೆ ಕೆಡುತ್ತೆ. ಚಿಕ್ಕಗೌರಮ್ಮನಿಗೆ ಏನಾದರೂ ಮಾಡಿಕೊಡೋಣ ಅಂತ ನಿನ್ನೆ ಒಂದು ಊರುಗೋಲು ಕಡೆದೆ. ಹೊನ್ನೆ ಮರದ್ದು. ಹಿಡಿ ಹತ್ತಿರ ಬೆರಳು ಕೂರೋ ಹಾಗೆ ಹಳ್ಳ ಮಾಡಿ, ಉಜ್ಜುಕಾಗದ ಹಾಕಿ, ಕೊಬ್ಬರಿ ಎಣ್ಣೆ ತಿಕ್ಕಿದೆ. ಇಷ್ಟು ಚೆನ್ನಾಗಿರೋ ವಸ್ತು ನನ್ನ ಕೈಯಿಂದ ಯಾವತ್ತೂ ಆಗಿರಲಿಲ್ಲ. ಲೇತು ತಿರುಗಿಸೋಕೆ ಪಿನ್ನು ಬೇಕಲ್ಲ, ಯಂತ್ರದಿಂದ ತೆಗೆದೆ. ಯಂತ್ರವನ್ನ ಈಗ ಯಾರೂ ಕೇಳಲ್ಲ.

ಇವತ್ತು ತಗೊಂಡು ಹೋಗಿ ಕೊಟ್ಟೆ. ಆಯಮ್ಮ ಗೋಡೆಗೆ ಒರಗಿ, ಕಾಲು ಚಾಚ್ಕೊಂಡು, ಹುಣಸೆಹಣ್ಣಿನ ಬೀಜ ಬಿಡಿಸ್ತಾ ಕೂತಿತ್ತು. ಸೆರಗಲ್ಲಿ ಕೈ ಒರೆಸ್ಕೊಂಡು ಕೋಲು ಇಸ್ಕೊಂಡಿತು. ಹಿಡಿಯೊಳಗೆ ಬೆರಳು ಇಟ್ಟು ನೋಡಿ, ಎಷ್ಟು ನುಣ್ಣಗೈತೆ ಅಂತ ಕೆನ್ನೆಗೆ ಒತ್ಕೊಂಡಿತು. ನನಗೆ ಓಡಿಹೋಗೋಣ ಅನ್ನಿಸಿತು.

ಆಮೇಲೆ ಆಯಮ್ಮನೇ ಮಾತು ತೆಗೆಯಿತು. ಇನ್ನು ಮರ ಹತ್ತಲ್ಲ ಅಂತ ತೀರ್ಮಾನ ಆಗಿದೆಯಂತೆ. ಸಂಘದ ಮೂವರೂ ಹೆಸರು ವಾಪಸ್ ತಗೊಂಡಿದ್ದಾರಂತೆ. ಅವರಲ್ಲಿ ಭೈರಮ್ಮ ಅನ್ನೋಳೊಬ್ಬಳು ಮಾತ್ರ ಗಂಡನ ಜೊತೆ ಜಗಳ ಆಡಿ ನೋಡಿದಳು, ಕೊನೆಗೆ ಅವಳೂ ಬಿಟ್ಟಳು. ಇದನ್ನೆಲ್ಲ ಹೇಳಿ ಕಾಲನ್ನ ನೋಡ್ಕೊಂಡು ಅಂದಿತು: "ನೀವು ಅಷ್ಟು ಬಿಗಿ ಮಾಡಿ ಕೊಟ್ಟಿದ್ರಿ ಅಣ್ಣ. ನನ್ ಕಾಲೇ ಸರಿಯಾಗಿ ಊರಲಿಲ್ಲ ಅಂತ ಕಾಣುತ್ತೆ. ಮಲಗಿದ್ರೂ ಕೂತ್ರೂ ಅದೇ ಜ್ಞಾಪಿಸ್ಕೊತೀನಿ, ಎಲ್ಲಿ ತಪ್ಪಿದೆ ಅಂತ. ಗೊತ್ತೇ ಆಗಲ್ಲ."

ಟೀ ಕುಡಿದು ಎದ್ದು ಬಂದೆ.

ಫೆಬ್ರವರಿ 16, ಭಾನುವಾರ

ನಿನ್ನೆ ವಾಸಿಫ್ ಮನೆಗೆ ಬಂದ. ಒಂದು ತಿಂಗಳಿಂದ ಅವನು ಈ ಕಡೆ ಸುಳಿದಿರಲಿಲ್ಲ, ನಾನೂ ಅವನ ಅಂಗಡಿಗೆ ಹೋಗಿರಲಿಲ್ಲ. ಡ್ರಿಲ್ ಬಿಟ್ ಕೇಳೋಕೆ ಬಂದಿರಬೇಕು ಅಂದ್ಕೊಂಡೆ. ಅವನು ನೇರವಾಗಿ ಯಂತ್ರ ತೋರಿಸಿ ಅಂದ. ಆಯಮ್ಮ ಬಿದ್ದ ದಿನದಿಂದ, ತನ್ನ ವೆಲ್ಡಿಂಗೇ ಎಲ್ಲೋ ಬಿಟ್ಟಿರಬೇಕು ಅಂತ ಹೆದರಿದ್ದನಂತೆ. ಮರುಳಪ್ಪನವರು ಸರಿ ಇದೆ ಅಂದಿದ್ದು ಕಿವಿಗೆ ಬಿದ್ದರೂ ಸಮಾಧಾನ ಆಗಿರಲಿಲ್ಲ, ಬಂದು ನೋಡೋಕೂ ಧೈರ್ಯ ಬಂದಿರಲಿಲ್ಲ. ಮನೇಲಿ ಹೆಂಡತಿ ರುಕ್ಸಾನ ಬಯ್ದು ಕಳಿಸಿದಳಂತೆ, ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ ಅಂತ.

ಪಡಸಾಲೆ ದಾಟಿಕೊಂಡೇ ಹೋಗಬೇಕು. ಲೇತಿನ ಹತ್ತಿರ ಅವನ ಕಾಲು ನಿಂತಿತು. ಬಗ್ಗಿ ನೋಡಿದ. ಎಡಗಾಲಿನ ಪಿನ್ನಿನ ತಲೆ ಮೇಲೆ ಒಂದು ಚುಕ್ಕೆ, ಬಲಗಾಲಿನದ್ದರ ಮೇಲೆ ಎರಡು ಚುಕ್ಕೆ, ಅದಲುಬದಲು ಆಗಬಾರದು ಅಂತ ಅವನೇ ಹೊಡೆದಿದ್ದು. ಎರಡು ಚುಕ್ಕೆಯ ಮೇಲೆ ಬೆರಳಿಟ್ಟ. "ಇದು ಇಲ್ಲೇನ್ ಮಾಡ್ತಿದೆ ಅಣ್ಣ?" ಅಂದ.

ಮೊನ್ನೆ ತಾನೇ ತೆಗೆದೆ ಅಂತ ಹೇಳಬಹುದಿತ್ತು. ಅದು ಸುಳ್ಳೂ ಅಲ್ಲ. ಅವನು ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಮರ ಹತ್ತೋ ಯಂತ್ರ ನೋಡದೇನೇ ಚಪ್ಪಲಿ ಮೆಟ್ಕೊಂಡು ಹೊರಟುಹೋದ.

ಇನ್ನು ಈ ಪುಸ್ತಕಕ್ಕಾದರೂ ನಿಜ ಹೇಳ್ತೀನಿ. ಇದಕ್ಕೆ ಸುಳ್ಳು ಹೇಳಿ ನನಗೇನು ಲಾಭ? ಆದರೂ ಎರಡು ಸಲ ಹೇಳಿದೆ.

ನನಗೆ ಮರೆತಿರಲಿಲ್ಲ. ಆಯಮ್ಮ ಹೊಸಲು ಹತ್ತಿರ ಬಂದು ಕೂಗಿದಾಗಲೇ ಮೊಳೆ ಜ್ಞಾಪಕಕ್ಕೆ ಬಂತು. ಲೇತಿನಲ್ಲಿ ಒಂದು ಗುಬಟ, ಮಂಚದ ಕಾಲಿನ ತುದಿಗೆ ಹಾಕೋ ಬುಗುರಿಯಂಥ ಮರದ ಗುಂಡು, ಅರ್ಧ ಆಗಿತ್ತು. ಪಿನ್ನು ತೆಗೀಬೇಕಾದರೆ ಚಕ್ರ ನಿಲ್ಲಿಸಬೇಕು, ಮರದ ತುಂಡು ಬಿಚ್ಚಬೇಕು, ಮತ್ತೆ ಸಿಕ್ಕಿಸಿದರೆ ಮಧ್ಯ ಸರಿಯಾಗಿ ಕೂರಲ್ಲ, ಕೆಲಸ ಕೆಡುತ್ತೆ. ಇಷ್ಟೇ ನಾನು ಯೋಚಿಸಿದ್ದು. ಒಂದು ಗುಬಟ ಕೆಡುತ್ತೆ ಅಂತ. ಸೌಂದರ್ಯ ಯಂತ್ರ ಎತ್ತಿ ಕೊಟ್ಟಳು. ಆಯಮ್ಮ ದಿನಾ ಮಾಡೋ ಹಾಗೆ ಎರಡೂ ಕಾಲು ತಡವಿ ನೋಡಿತು. ಬಲಗಾಲಿನ ಹತ್ತಿರ ಬೆರಳು ನಿಂತಿತು. "ಇಲ್ಲೇನೋ ಟೇಪ್ ಸುತ್ತಿದ್ದೀರಲ್ಲ ಅಣ್ಣ" ಅಂದಿತು.

ನಾನು ತಲೆ ಎತ್ತದೆ ಹೇಳಿದೆ: "ಇನ್ನೂ ಬಿಗಿ ಮಾಡಿದ್ದೀನಿ. ತಗೊಂಡು ಹೋಗು."

ಇದು ನಡೆದದ್ದು.

ಆ ಗುಬಟ ಈಗಲೂ ಕಿಟಕಿಯಲ್ಲಿದೆ. ಯಾತಕ್ಕೂ ಉಪಯೋಗಕ್ಕೆ ಬರಲಿಲ್ಲ.

ಫೆಬ್ರವರಿ 21, ಶುಕ್ರವಾರ

ಲ್ಯಾಬಿನಲ್ಲಿ ಗಾಜಿನ ಜಾರು ಕೈಜಾರಿ ಒಡೀತು. ಇಪ್ಪತ್ತೆರಡು ವರ್ಷದಲ್ಲಿ ಮೊದಲನೆಯದು. ಪರವಾಗಿಲ್ಲ ಬಿಡ್ರಿ ಅಂದರು ಮೇಡಮ್ಮು. ಆ ಮಾತು ಕೇಳಿದರೇ ಈಗ ಮೈ ಉರಿಯುತ್ತೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಉಪವಾಸ ಇದ್ದೆ. ಗುಡಿಗೆ ಹೋಗಲಿಲ್ಲ, ಅಲ್ಲಿ ಎಲ್ಲರೂ ಇರ್ತಾರೆ. ಮಧ್ಯಾಹ್ನ ಸೌಂದರ್ಯ ಪೂಜೆಗೆ ಬಿಲ್ವಪತ್ರೆ ಬಿಡಿಸ್ತಾ ಕೂತಾಗ ಪಕ್ಕದಲ್ಲಿ ಕೂತು ಎಲ್ಲಾ ಹೇಳಿದೆ. ಲೇತು, ಮೊಳೆ, ಟೇಪು, ಜೇಬಿಗೆ ಹಾಕ್ಕೊಂಡು ಬಂದಿದ್ದು. ಹೇಳ್ತಾ ಹೇಳ್ತಾ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡ್ತಾಳೆ ಅಂತ ಮನಸ್ಸಿನ ಮೂಲೆಯಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ.

ಅವಳು ಕೈಯಲ್ಲಿದ್ದ ಪತ್ರೆ ತಟ್ಟೆಗೆ ಹಾಕಿದಳು. "ನಂಗ್ಯಾಕೆ ಹೇಳ್ತೀರಾ? ಬಿದ್ದೋಳು ನಾನಲ್ಲ" ಅಂದಳು. ಎದ್ದು ಒಳಗೆ ಹೋದಳು. ಆ ಹೊಸ ಲಟ್ಟಣಿಗೆಯನ್ನ ತಂದು ನನ್ನ ಮುಂದೆ ಇಟ್ಟಳು. ಇನ್ನು ಇದರಲ್ಲಿ ನಾನು ಚಪಾತಿ ಒತ್ತಲ್ಲ ಅಂದಳು.

ಮಾರ್ಚ್ 2, ಭಾನುವಾರ

ಹೋಗಿ ಹೇಳಿ ಬಂದೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ಹೋಗಿ ನಿಂತರೆ ಒಂದೂ ನೆನಪಿಗೆ ಬರಲಿಲ್ಲ. ಚಿಕ್ಕಗೌರಮ್ಮನವರು ಅಂಗಳದಲ್ಲಿ ನಾನು ಕೊಟ್ಟ ಕೋಲು ಊರಿಕೊಂಡು ನಿಧಾನವಾಗಿ ನಡೆಯೋದು ಕಲೀತಿದ್ದರು. ಪಟ್ಟಿ ತೆಗೆದಿದ್ದಾರೆ, ಕಾಲು ಸಣ್ಣಗಾಗಿ ಬೆಳ್ಳಗಾಗಿದೆ. ನಾನು ಜೇಬಿನಿಂದ ಮೊಳೆ ತೆಗೆದು ಜಗಲಿ ಮೇಲಿಟ್ಟೆ. ಇದು ನಿಮ್ಮ ಬಲಗಾಲಿನಲ್ಲಿ ಇದ್ದದ್ದು ಅಂದೆ. ಪಿನ್ನು ನನ್ನ ಲೇತಿನಲ್ಲಿತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೇ ಕೊಟ್ಟೆ, ಬಿಗಿ ಮಾಡಿದ್ದೀನಿ ಅಂತ ಸುಳ್ಳು ಹೇಳಿದೆ. ಅಷ್ಟು ಹೇಳಿ ನಿಂತೆ.

ಅವರು ಜಗಲಿಗೆ ಬಂದು ಕೂತರು. ಮೊಳೆ ಕೈಗೆ ತಗೊಂಡರು. ಅದಕ್ಕೆ ಅಂಟಿದ್ದ ಟೇಪನ್ನ ಉಗುರಲ್ಲಿ ಸುಲಿಯೋಕೆ ಶುರು ಮಾಡಿದರು, ಪೂರ್ತಿ ಸುಲಿದು ಮುಗಿಯೋವರೆಗೆ ಬಿಡಲಿಲ್ಲ. ಕೆಂಚಪ್ಪ ಒಳಗಿಂದ ಬಂದು ಬಾಗಿಲಲ್ಲಿ ನಿಂತ. ನನ್ನ ಮೇಲೆ ಕೈ ಮಾಡ್ತಾನೆ ಅಂದ್ಕೊಂಡೆ, ಮಾಡಿದ್ದರೆ ಚೆನ್ನಾಗಿರ್ತಿತ್ತು. ಅವನು ಹೆಂಡತಿಯ ಮುಖವನ್ನೇ ನೋಡ್ತಿದ್ದ.

"ಒಂದೂವರೆ ತಿಂಗಳು ಅಣ್ಣ," ಅಂದರು ಕೊನೆಗೆ. "ಒಂದೂವರೆ ತಿಂಗಳು ನನ್ ಕಾಲನ್ನ ನಾನೇ ಬೈಕೊಂಡೆ. ನೋವು ತಡೀಬಹುದು. ನಂಗೆ ಕೆಲಸ ಬರಲ್ಲ ಅಂತ ನಾನೇ ನಂಬಿಬಿಟ್ಟಿದ್ದೆ."

ನಾನು ತಪ್ಪಾಯ್ತು ಅಂದೆ. ಕಾಲು ಮುಟ್ಟೋಕೆ ಬಗ್ಗಿದೆ. ಕೋಲನ್ನ ಅಡ್ಡ ಹಿಡಿದರು. ನನ್ ಕಾಲು ಮುಟ್ಟಿ ನೀವು ಮನೆಗೆ ಹೋದ್ರೆ ಊರಿಗೆ ಹೆಂಗೆ ಗೊತ್ತಾಗುತ್ತೆ ಅಂದರು. ಎಲ್ಲಿ ಸರಿ ಐತೆ ಅಂತ ಹೇಳಿದ್ರೋ ಅಲ್ಲೇ ಹೇಳಿ, ನಾಳೆ ಬೆಳಗ್ಗೆ ನಾನೂ ಡೈರಿಗೆ ಬತ್ತೀನಿ.

ಮಾರ್ಚ್ 3, ಸೋಮವಾರ

ಹೇಳಿದೆ.

ಹಾಲು ಅಳೆಯೋನು ಅಳತೆ ಕೈಯಲ್ಲೇ ಹಿಡ್ಕೊಂಡು ನಿಂತ. ಮರುಳಪ್ಪನವರು ಮೊದಲು ನಂಬಲಿಲ್ಲ. ನಾನೇ ಜಗ್ಗಿ ನೋಡಿದ್ದೀನಲ್ಲೋ ಅಂದರು. ನೀವು ಜಗ್ಗೋ ಹೊತ್ತಿಗೆ ಪಿನ್ನು ವಾಪಸ್ ಹಾಕಿದ್ದೆ ಅಂದೆ. ಅವರ ಮುಖ ಕಪ್ಪಿಟ್ಟಿತು. "ನನ್ ಕೈಲಿ ಎಳೆಸಿ, ನನ್ ಬಾಯಲ್ಲಿ ಸುಳ್ಳು ಹೇಳಿಸ್ಬುಟ್ಟೆ ಕಣ್ಲಾ" ಅಂದು ಪಕ್ಕಕ್ಕೆ ಉಗಿದರು. ಲಾ ಅಂತ ಅವರು ನನಗೆ ಯಾವತ್ತೂ ಅಂದಿರಲಿಲ್ಲ.

ಚಿಕ್ಕಗೌರಮ್ಮನವರು ಕಂಬಕ್ಕೆ ಒರಗಿ ನಿಂತಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದರು, ಸೀರೆ ಅಂದವರದ್ದು, ತಲೆ ಸುತ್ತು ಅಂದವರದ್ದು. ಅವರೆಲ್ಲ ಕ್ಯಾನಿನೊಳಗೆ ಬಗ್ಗಿ ಏನೋ ಹುಡುಕಿದರು.

ಇವತ್ತು ನನ್ನ ಹಾಲು ಅಳೆಸೋದೇ ಮರೆತು ತುಂಬಿದ ಕ್ಯಾನು ಹಾಗೇ ವಾಪಸ್ ತಂದೆ. ಸೌಂದರ್ಯ ಅದಕ್ಕೆ ಹೆಪ್ಪು ಹಾಕಿದಳು.

ಮಾರ್ಚ್ 16, ಭಾನುವಾರ

ಬೆಲ್ಟಿನ ಹೊಲಿಗೆ ಮುಗೀತು. ವಾಸಿಫ್ ಅಂಗಡಿ ಪಕ್ಕದ ಟೈಲರ್ ಫಕ್ರುದ್ದೀನ್ ಸಾಹೇಬರ ಹತ್ತಿರ ದಪ್ಪ ನೈಲಾನ್ ದಾರದಲ್ಲಿ ನಾಲ್ಕು ಸಾಲು ಹೊಡೆಸಿದೆ. ವಾಸಿಫ್ ಬಾಗಿಲಲ್ಲೇ ಇದ್ದ. ಅವನ ಡ್ರಿಲ್ ಬಿಟ್ ಕೊಟ್ಟೆ, ಇಸ್ಕೊಂಡ. ಬೆಲ್ಟು ತಗೊಂಡು ಬಾಗಿಲ ಕಂಬಿಗೆ ಸಿಕ್ಕಿಸಿ, ತನ್ನ ಮೈಭಾರ ಪೂರ್ತಿ ಬಿಟ್ಟು ಜೋತಾಡಿ ನೋಡಿದ. ವಾಪಸ್ ಕೊಟ್ಟ. ಟೀ ತರಿಸಿದ.

ಬಲಗಾಲಿನ ಪಿನ್ನು ಲೇತಿನಿಂದ ತೆಗೆದು ಯಂತ್ರಕ್ಕೆ ವಾಪಸ್ ಹಾಕಿದ್ದೀನಿ. ಬೇರೆ ಯಾವುದಕ್ಕೂ ಕೈ ಹಾಕಿಲ್ಲ. ಹಾಕೋಕೆ ಮನಸ್ಸೂ ಬರ್ತಿಲ್ಲ.

ಏಪ್ರಿಲ್ 6, ಭಾನುವಾರ

ಬೆಳಗ್ಗೆ ಚಿಕ್ಕಗೌರಮ್ಮನವರು ಬಂದರು, ಜೊತೆಗೆ ಆ ಭೈರಮ್ಮ. ಕೋಲು ಕೈಯಲ್ಲಿತ್ತು, ಆದರೆ ಊರಿಕೊಂಡಿರಲಿಲ್ಲ, ಕಂಕುಳಲ್ಲಿ ಇಟ್ಕೊಂಡಿದ್ದರು. ಸ್ವಲ್ಪ ಕುಂಟ್ತಾರೆ. ಮಿಷನ್ನು ತೆಗೀರಿ ಅಂದರು. ತೆಗೆದು ಹಿತ್ತಲ ಮರದ ಹತ್ತಿರ ಇಟ್ಟೆ. ಬೆಲ್ಟೂ ತಂದೆ. ಅವರು ನೆಲದ ಮೇಲೆ ಕೂತು ಹಗ್ಗ, ವೆಲ್ಡಿಂಗು, ಎಲ್ಲಾ ತಡವಿ ನೋಡಿದರು. ಎರಡೂ ಪಿನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದು ಚುಕ್ಕೆ ನೋಡಿದರು. ತಾವೇ ಮರಕ್ಕೆ ಕಟ್ಟಿ, ಪಿನ್ನು ತಾವೇ ಹಾಕಿದರು. ಅವರು ಹತ್ತೋಕೆ ತಯಾರಾಗ್ತಿದ್ದಾರೆ ಅಂದ್ಕೊಂಡು ನಾನು ಬೆಲ್ಟು ಮುಂದೆ ಚಾಚಿದೆ.

"ನೀವು ಹತ್ತಿ ಅಣ್ಣ," ಅಂದರು.

ನನಗೆ ಅಭ್ಯಾಸ ಇಲ್ಲ ಅಂದೆ. ನಂಗೂ ಇರ್ಲಿಲ್ಲ, ಆರು ದಿನದಲ್ಲಿ ಕಲಿತೆ ಅಂದರು. ಸೌಂದರ್ಯ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಬೇಡ ಅನ್ನಲಿಲ್ಲ.

ಬೆಲ್ಟು ಕಟ್ಕೊಂಡು ಹತ್ತಿದೆ. ಒಂದಾಳೆತ್ತರ ಬರೋ ಹೊತ್ತಿಗೆ ಬೆನ್ನೆಲ್ಲ ಬೆವರು. ಕಾಲಿನ ಕೆಳಗೆ ಇರೋದು ಒಂದು ಕಬ್ಬಿಣದ ಪಟ್ಟಿ, ಅದನ್ನ ಹಿಡಿದಿರೋದು ಒಂದು ಹಗ್ಗ, ಹಗ್ಗವನ್ನ ಹಿಡಿದಿರೋದು ನನ್ನ ಕಿರುಬೆರಳಿಗಿಂತ ಚಿಕ್ಕದೊಂದು ಪಿನ್ನು. ನಾನೇ ಮಾಡಿದ್ದು, ಅದನ್ನ ನಂಬಿ ನಿಲ್ಲೋದು ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಮರ ಅಪ್ಪಿಕೊಂಡು ನಿಂತೆ. ಸಾಕಾ ಅಂತ ಕೇಳಿದೆ.

"ಇನ್ನೂ ಮೇಲಕ್ಕೆ," ಅಂದರು ಕೆಳಗಿಂದ. "ನಾನು ಬಿದ್ದ ಎತ್ತರ ಇನ್ನೂ ಬಂದಿಲ್ಲ."

ಹತ್ತಿದೆ. ಬಲಗಾಲು ಎತ್ತಿ ತುಳಿಯೋವಾಗೆಲ್ಲ ಕಣ್ಣು ಮುಚ್ಚಿಕೊಂಡೆ. ಸಾಕು, ಅದೇ ಎತ್ತರ ಅಂತ ಅವರು ಹೇಳಿದ ಮೇಲೆ ಕೆಳಗೆ ನೋಡಿದೆ. ಮರದ ಪಾತಿ ಒಂದು ಮುಚ್ಚಳದಷ್ಟು ಕಾಣಿಸಿತು. ಅವರು ಕತ್ತೆತ್ತಿ ನೋಡ್ತಿದ್ದರು. ಅಷ್ಟು ದೂರ ಅವರು ಬಿದ್ದದ್ದು, ಬೀಳುವಾಗ ನಾನು ಬಿಗಿ ಮಾಡಿದ್ದೀನಿ ಅಂತ ನಂಬಿಕೊಂಡೇ ಬಿದ್ದದ್ದು. ಅಲ್ಲಿ ಮೇಲೆ ಮರಕ್ಕೆ ಹಣೆ ಒತ್ತಿಕೊಂಡು ಎಷ್ಟು ಹೊತ್ತು ಇದ್ದೆನೋ ಗೊತ್ತಿಲ್ಲ. ಇಳಿದು ಬನ್ನಿ ಅಂತ ಕರೆದಾಗ ಇಳಿದೆ. ನೆಲ ಸಿಕ್ಕ ಮೇಲೆ ಅಲ್ಲೇ ಕೂತೆ.

ಆಮೇಲೆ ಭೈರಮ್ಮ ಬೆಲ್ಟು ಕಟ್ಕೊಂಡು ನಾಲ್ಕು ಹೆಜ್ಜೆ ಹತ್ತಿ ಇಳಿದಳು. ಬೆಲ್ಟು ಚೆನ್ನಾಗಿದೆ, ನಾನೇ ಇಟ್ಕೋತೀನಿ ಅಂದಳು. ಕೊನೆಗೆ ಚಿಕ್ಕಗೌರಮ್ಮನವರು ಕೋಲನ್ನ ಸೌಂದರ್ಯನ ಕೈಗೆ ಕೊಟ್ಟು, ಸೀರೆ ಎತ್ತಿ ಸಿಕ್ಕಿಸ್ಕೊಂಡು, ಅದೇ ಬೆಲ್ಟು ಕಟ್ಕೊಂಡು ಒಂದಾಳೆತ್ತರ ಹತ್ತಿದರು. ಅಲ್ಲಿ ನಿಂತು ಬಲಗಾಲನ್ನ ಎರಡು ಸಲ ಊರಿ ನೋಡಿದರು. ಇಳಿಯುವಾಗ ಮುಖ ಬೆವೆತಿತ್ತು. ನೋವಾಯ್ತಾ ಅಂತ ಕೇಳೋ ಯೋಗ್ಯತೆ ನನಗಿಲ್ಲ, ಸೌಂದರ್ಯ ಕೇಳಿದಳು. ಆಗುತ್ತೆ ಕಣಕ್ಕ ಅಂದರು.

ಹೊರಡುವಾಗ ಬಗ್ಗಿ ಬಲಗಾಲಿನ ಪಿನ್ನು ಕಿತ್ತು, ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿಕೊಂಡರು. "ಮಿಷನ್ನು ಇಲ್ಲೇ ಇರ್ಲಿ. ಇದು ನನ್ ಹತ್ರ ಇರುತ್ತೆ. ಹತ್ತೋ ದಿನ ತತ್ತೀನಿ."

ವಾಸಿಫ್ ಹೇಳಿದ್ದ ಹಾಗೆ ಬರೆದಿಡ್ತೀನಿ.

ಜೇನುಪೆಟ್ಟಿಗೆ: ಅಟ್ಟದ ಮೇಲೆ, ಮುಚ್ಚಳ ಇಲ್ಲ.
ಲೇತು: ಪಡಸಾಲೆಯಲ್ಲಿ, ನಿಂತಿದೆ.
ಬೆಲ್ಟು: ಭೈರಮ್ಮನ ಹತ್ತಿರ.
ಮೊಳೆ: ಚಿಕ್ಕಗೌರಮ್ಮನವರ ಮನೆ ಜಗಲಿಯಲ್ಲಿ. ವಾಪಸ್ ಕೇಳಬಾರದು.
ಬಲಗಾಲಿನ ಪಿನ್ನು: ಚಿಕ್ಕಗೌರಮ್ಮನವರ ಸೆರಗಿನಲ್ಲಿ.